ನಾನು ಮುಚ್ಚಿಸಿದ ಮಗ್ಗದ ಕುಣಿ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, "ನಿಮ್ಮ ಅನುಭವ ಹೇಳ್ರಿ ಮೇಡಂ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ನಾನು ಎಷ್ಟು ಮುದುಕರನ್ನು ಉದ್ಧಾರ ಮಾಡಿದೆ ಎಂಬ ಕಥೆ. ನಿವೃತ್ತಿಯ ದಿನ ಶಾಲು ಹೊದಿಸಿದವರೂ ಅದನ್ನೇ ಹೇಳಿದರು. ಭಾಷಣ ಮಾಡಿದ ಒಬ್ಬ ಮಹನೀಯರು ನನ್ನನ್ನು "ವೃದ್ಧರ ಊರುಗೋಲು" ಎಂದರು. ನನ್ನ ಪಕ್ಕ ಕೂತಿದ್ದ ಹಳೆಯ ಸಹೋದ್ಯೋಗಿ ಒಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳಿಗೆ ಇಳಕಲ್ಲಿನ ಪರಪ್ಪಜ್ಜನ ಸಂಗತಿ ಗೊತ್ತಿತ್ತು.

ಅದನ್ನು ಹೇಳುವ ಮೊದಲು ಕೆಲಸ ಎಂಥದು ಎಂದು ಹೇಳಬೇಕು. ತೊಂಬತ್ತರ ದಶಕದ ಕೊನೆಗೆ ನಾನು ಬಾಗಲಕೋಟೆಯ ಒಂದು ಸಂಸ್ಥೆ ಸೇರಿದೆ. ಹೆಸರು ಬೇಡ, ಸತ್ತವರ ಬಗ್ಗೆಯೂ ಮುಚ್ಚಿದ ಸಂಸ್ಥೆಗಳ ಬಗ್ಗೆಯೂ ಕೆಟ್ಟದ್ದು ಆಡಬಾರದಂತೆ. ಅದಕ್ಕೂ ಮುಂಚೆ ಹತ್ತು ವರ್ಷ ಹೆರಿಗೆ ದವಾಖಾನೆಯಲ್ಲಿ ಸಹಾಯಕಿಯಾಗಿದ್ದವಳು ನಾನು. ಅಲ್ಲಿ ಲೋಕಕ್ಕೆ ಬರುವವರನ್ನು ನೋಡಿದ್ದಾಯಿತು, ಇಲ್ಲಿ ಹೊರಟವರನ್ನು ನೋಡೋಣ ಎಂದುಕೊಂಡೆ. ಬಾದಾಮಿ, ಹುನಗುಂದ, ಇಳಕಲ್ಲು ಎಂದು ಬಸ್ಸಿನಲ್ಲಿ ತಿರುಗುವುದು, ಮನೆಮನೆಗೆ ಹೋಗಿ ವಯಸ್ಸಾದವರು ದಿನದ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಎಂದು ಒಂದು ಹಾಳೆಯಲ್ಲಿ ತುಂಬುವುದು, ಆಗದ್ದಕ್ಕೆ ಏನಾದರೂ ಅನುಕೂಲ ಮಾಡಿಕೊಡುವುದು. ಹಾಳೆಯಲ್ಲಿ ಹತ್ತು ಪ್ರಶ್ನೆ. ಸ್ನಾನ, ಬಟ್ಟೆ, ಊಟ, ಶೌಚ, ನಡಿಗೆ, ಮೆಟ್ಟಿಲು, ಹೀಗೆ. ಪ್ರತಿಯೊಂದಕ್ಕೂ ಅಂಕ.

ಹಾಳೆಯನ್ನು ಸಿದ್ಧಮಾಡಿದವರು ನಮ್ಮ ಸಾಹೇಬರು. ಮೈಸೂರು ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಅವರ ಮಾತು ಕೇಳದೆ ಇರುವುದು ಸುಲಭವಾಗುತ್ತಿತ್ತು. ಪ್ರಶ್ನೆಗಳನ್ನು ಬರೆದ ಹಾಗೆಯೇ ಓದಬೇಕು, ಒಂದು ಅಕ್ಷರ ಆಚೀಚೆ ಆಗಬಾರದು ಎಂಬುದು ಅವರ ಅಪ್ಪಣೆ. ಹಾಗಾಗಿ ಹುನಗುಂದದ ಒಬ್ಬ ಅಜ್ಜನ ಮುಂದೆ ಕೂತು ನಾನು ಗಂಭೀರವಾಗಿ ಓದಿದೆ: "ತಾವು ಶೌಚಕ್ರಿಯೆಯನ್ನು ಸ್ವತಂತ್ರವಾಗಿ ನಿರ್ವಹಿಸುವಿರಾ?"

ಅಜ್ಜ ಕೋರ್ಟಿನಲ್ಲಿ ಜವಾನನಾಗಿ ನಿವೃತ್ತನಾದವನು, ಇಂಥ ಭಾಷೆ ಬೇಕಾದಷ್ಟು ಕೇಳಿದ್ದ. "ಅದರಾಗ ನಿರ್ವಹಿಸೂದು ಏನೈತ್ರಿ ಬಾಯಾರ? ಬಂದಾಗ ಓಡೂದ ಅಷ್ಟ. ವಕೀಲರನ್ನ ಇಡಬೇಕೇನು?" ಎಂದ. ಮನೆಯವರೆಲ್ಲ ನಕ್ಕರು. ನಾನು ಮುಖ ಗಂಟು ಹಾಕಿಕೊಂಡು ಅಂಕ ಬರೆದೆ.

ಬಾದಾಮಿಯಲ್ಲಿ ಇನ್ನೊಂದು. ಮಹಾಕೂಟಕ್ಕೆ ಬರುವ ಭಕ್ತರಿಗೆ ರೊಟ್ಟಿ, ಮೊಸರು ಮಾರುತ್ತಿದ್ದ ಒಬ್ಬ ಮುದುಕಿ. "ಮೆಟ್ಟಿಲು ಹತ್ತುವಿರಾ?" ಎಂದರೆ, "ನಮ್ಮ ಮನಿಗಿ ಮೆಟ್ಟಲಾ ಇಲ್ಲವಾ, ಏನ್ ಹತ್ತಲಿ?" ಎಂದಳು. ಮೆಟ್ಟಿಲು ಹತ್ತಿದ್ದು ಖಚಿತವಾಗದಿದ್ದರೆ ಸೊನ್ನೆ ಎಂದು ಸಾಹೇಬರ ನಿಯಮ. ಸೊನ್ನೆ ಹಾಕಿದೆ. ಆಕೆ ದಿನಾ ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಬಾದಾಮಿಯಿಂದ ಗುಡ್ಡದ ಕಲ್ಲುದಾರಿ ಹತ್ತಿ ಇಳಿದು ಮಹಾಕೂಟಕ್ಕೆ ಹೋಗುವವಳು. ಒಂದು ದಿನ ಆಕೆಯ ಹಿಂದೆ ನಾನೂ ಹೊರಟೆ. ಅರ್ಧ ದಾರಿಯಲ್ಲಿ ನಾನು ಬಂಡೆಗೆ ಒರಗಿ ಕೂತೆ, ಆಕೆ ಬುಟ್ಟಿ ಇಳಿಸದೆ ನನಗಾಗಿ ನಿಂತಳು. ನಮ್ಮ ಕಡತದಲ್ಲಿ ಮಾತ್ರ ಆಕೆ ಕೊನೆಯವರೆಗೂ ಮೆಟ್ಟಿಲು ಹತ್ತಲಾರದವಳು.

ಹಳೆ ಬಾಗಲಕೋಟೆಯ ಹುಸೇನಸಾಬರು ದರ್ಜಿ. ಬೆರಳು ನಡುಗಿ ಗುಂಡಿ ಹಾಕಲು ಬರುತ್ತಿರಲಿಲ್ಲ. ಅವರು ಏನು ಮಾಡಿದ್ದರೆಂದರೆ, ಅಂಗಿಯ ಗುಂಡಿಗಳನ್ನೆಲ್ಲ ಕಾಜಾದ ಮೇಲೆ ಶಾಶ್ವತವಾಗಿ ಹೊಲಿಸಿ, ಕುತ್ತಿಗೆ ದೊಡ್ಡದು ಮಾಡಿಸಿ, ತಲೆಯ ಮೇಲಿಂದ ತೊಡುತ್ತಿದ್ದರು. ನೋಡಿದವರಿಗೆ ನೀಟಾಗಿ ಗುಂಡಿ ಹಾಕಿದ ಅಂಗಿ. "ಮಂದಿಗಿ ನಲವತ್ತು ವರ್ಷ ಬಟ್ಟಿ ತೊಡಿಸೇನ್ರಿ. ನನಗೊಬ್ಬಂವಗ ತೊಡಿಸಾಕ ಬರೂದಿಲ್ಲೇನು?" ಎಂದು ಮೀಸೆಯಲ್ಲೇ ನಕ್ಕರು. ನಾನು ಹಾಳೆ ನೋಡಿದೆ. ಅದರಲ್ಲಿ 'ಗುಂಡಿಗಳನ್ನು ತಾವೇ ಹಾಕಿಕೊಳ್ಳುವರು' ಎಂದಿತ್ತು. ಹಾಕಿಕೊಳ್ಳುತ್ತಿರಲಿಲ್ಲವಲ್ಲ, ಅದಕ್ಕೆ 'ಸಹಾಯ ಬೇಕು' ಎಂದು ಬರೆದೆ.

ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಮುದುಕರು ತಮ್ಮ ಕೈಲಾಗದ್ದನ್ನು ಯಾವ ಯಾವ ಉಪಾಯದಿಂದ ದಾಟುತ್ತಾರೆ ಎಂಬುದು ಹಾಳೆಗೆ ಕಾಣುವುದಿಲ್ಲ. ಕಾಣದಿದ್ದರೆ ಹೋಗಲಿ, ಹಾಳೆ ಹಿಡಿದವರಿಗಾದರೂ ಕಣ್ಣು ಇರಬೇಕು. ನನಗಿದ್ದದ್ದು ಗುರುತಿನ ಚೀಟಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾಹೇಬರಿಗೆ ಇನ್ನೊಂದು ಹುಚ್ಚು ಹತ್ತಿತು. ಎಲ್ಲೋ ತರಬೇತಿಗೆ ಹೋಗಿ ಬಂದರು. ವಯಸ್ಸಾದವರು ಮನೆಯೊಳಗೇ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಆದ್ದರಿಂದ ಬೀಳಿಸುವಂಥ ವಸ್ತುಗಳನ್ನೆಲ್ಲ ಮನೆಯಿಂದ ತೆಗೆಸಬೇಕು. ಮಾತು ಸುಳ್ಳಲ್ಲ. ಆದರೆ ಅದಕ್ಕೂ ಒಂದು ಪಟ್ಟಿ ಬಂತು: ಹೊಸ್ತಿಲು, ಒಳಕಲ್ಲು, ನೆಲದ ಮೇಲಿನ ಹಗ್ಗ, ತಗ್ಗು, ಗುಂಡಿ. ತಿಂಗಳಿಗೆ ಇಷ್ಟು ಅಪಾಯ ನಿವಾರಿಸಿದೆ ಎಂದು ನಾವು ವರದಿ ಕೊಡಬೇಕು. "ಹೊಸ್ತಿಲಾ ತಗೀರಿ" ಎಂದದ್ದಕ್ಕೆ ಹುನಗುಂದದ ಒಬ್ಬ ಗೃಹಿಣಿ ಅರಿಶಿನ ಕುಂಕುಮದ ತಟ್ಟೆ ಕೈಯಲ್ಲಿದ್ದಂತೆಯೇ ನನ್ನನ್ನು ಬೀದಿಯವರೆಗೂ ಅಟ್ಟಿಕೊಂಡು ಬಂದಳು. ಆ ತಿಂಗಳು ನನ್ನ ಲೆಕ್ಕ ತೀರ ಬಡವಾಗಿತ್ತು. ಸಾಹೇಬರು ಎಲ್ಲರೆದುರು, "ಸಾವಿತ್ರಮ್ಮನವರಿಗೆ ಅಪಾಯವೇ ಕಾಣಿಸುವುದಿಲ್ಲವೇನೋ" ಎಂದರು. ಆ ಮಾತು ನನಗೆ ಚುಚ್ಚಿತು. ಮುಂದಿನ ವಾರ ಇಳಕಲ್ಲಿಗೆ ಹೋದಾಗ ನಾನು ಅಪಾಯ ಹುಡುಕಿಕೊಂಡೇ ಹೋದೆ.

ಪರಪ್ಪಜ್ಜನ ಮನೆ ನೇಕಾರರ ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ಕುಣಿಮಗ್ಗ. ಈ ಕಡೆಯವರಲ್ಲದವರಿಗೆ ಹೇಳುತ್ತೇನೆ: ನೆಲದಲ್ಲಿ ಒಂದು ಚೌಕ ಕುಣಿ ತೋಡಿ, ಅದರ ದಂಡೆಯ ಮೇಲೆ ನೇಕಾರ ಕೂತು, ಕಾಲು ಒಳಗೆ ಇಳಿಬಿಟ್ಟು ಕೆಳಗಿನ ಹಲಗೆ ತುಳಿಯುತ್ತಾನೆ. ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದದ ಎಳೆಗಳು, ನೆಲದ ಮಟ್ಟಕ್ಕೆ, ತೊಡೆಯ ಮುಂದೆ ಬರುತ್ತದೆ. ಪರಪ್ಪಜ್ಜನಿಗೆ ಎಪ್ಪತ್ತು ದಾಟಿತ್ತು. ಮೊಳಕಾಲು ಎರಡೂ ಬಿಗಿದುಹೋಗಿ ಚಕ್ಕಳಮಕ್ಕಳ ಹಾಕಲು ಬರುತ್ತಿರಲಿಲ್ಲ, ಕುಕ್ಕರಗಾಲಲ್ಲಿ ಕೂರುವುದಂತೂ ದೂರ. ಹೆಂಡತಿ ನೀಲವ್ವನಿಗೆ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಆದರೂ ಆಕೆ ಮಗ್ಗದ ಪಕ್ಕ ಕೂತು, ಸೀರೆಯ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಬೆರಳ ತುದಿಯಿಂದಲೇ ಮಾಡುತ್ತಿದ್ದಳು. ಮಗ ಮಹಾಂತೇಶ ಪವರ್‌ಲೂಮಿಗೆ ಹೋಗುತ್ತಿದ್ದ. ಮನೆ ನಡೆಸುತ್ತಿದ್ದವಳು ಸೊಸೆ ಶಾಂತಾ.

ಪ್ರಶ್ನೆ ಶುರುಮಾಡಿದೆ. ಏಳನೆಯದು: 'ಹಾಸಿಗೆಯಿಂದ ಕುರ್ಚಿಗೆ ತಾವೇ ಹೋಗುವರು.' ಮನೆಯಲ್ಲಿ ಕುರ್ಚಿಯೇ ಇರಲಿಲ್ಲ. ಸೊನ್ನೆ. "ಇತ್ತೀಚೆಗೆ ಬಿದ್ದಿದ್ದೀರಾ?" ಎಂದೆ. ಅಜ್ಜ ಇಲ್ಲ ಎಂದ. ಶಾಂತಾ ಪ್ರಾಮಾಣಿಕಳು, "ಯುಗಾದಿ ಮುಂದ ಒಮ್ಮಿ ಕುಣ್ಯಾಗ ಜಾರಿದ್ರು, ಹಣಿಗಿ ಹತ್ತಿತ್ತು" ಎಂದಳು. ನನ್ನ ಕಣ್ಣು ಅರಳಿದವು. ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು: ಗುಂಡಿ.

"ಇದನ್ನ ಮುಚ್ಚಿಸಿಬಿಡ್ರಿ. ಇನ್ನೊಮ್ಮಿ ಬಿದ್ರ ಸೊಂಟಾನ ಹೋಗ್ತೈತಿ. ನಾವೊಂದು ಕುರ್ಚಿ ಕೊಡ್ತೇವಿ" ಎಂದೆ.

ಶಾಂತಾ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಕುಣಿ ಮುಚ್ಚಿದ್ರ ಮಾವ ಎಲ್ಲಿ ಕುಂದರ್ತಾರ್ರೀ ಬಾಯಾರ?"

"ಕುರ್ಚಿ ಮ್ಯಾಲೆ."

"ಅದರ ಮ್ಯಾಲೆ ಹೆಂಗ ಏರ್ತಾರ?"

ಎಷ್ಟು ನೇರ ಪ್ರಶ್ನೆ! ಉತ್ತರ ಇಲ್ಲದವರು ಮಾಡುವುದನ್ನೇ ನಾನೂ ಮಾಡಿದೆ, ದನಿ ಏರಿಸಿದೆ. "ನೀ ಕಲತಾಕೇನು, ನಾ ಕಲತಾಕೇನು?" ಎಂದುಬಿಟ್ಟೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮನೆಯೊಳಗಿದ್ದು ದಿನಾ ನೋಡುವವಳ ಮಾತು ನನಗೆ ಮದ್ದಾಗಿ ಕಾಣಲಿಲ್ಲ.

ಮಹಾಂತೇಶ ಹೆದರುವ ಸ್ವಭಾವದವನು. ಅಪ್ಪನ ಸೊಂಟ ಮುರಿಯುತ್ತದೆ ಎಂದದ್ದೇ ತಡ, ಒಪ್ಪಿದ. ಅರ್ಧ ನೇಯ್ದ ಹಾಸನ್ನು ಸುತ್ತಿ ಮೂಲೆಗಿಟ್ಟರು. ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದರು. ಕುಣಿಗೆ ಮಣ್ಣು ಸುರಿದು, ಮೇಲೆ ಬಂಡೆ ಹಾಸಿದರು. ಪರಪ್ಪಜ್ಜ ಗೋಡೆಗೆ ಒರಗಿ ನೋಡುತ್ತಿದ್ದ. ನಾನು ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿಟ್ಟು, ವರದಿಯಲ್ಲಿ 'ಒಂದು ದೊಡ್ಡ ಅಪಾಯ ನಿವಾರಿಸಲಾಗಿದೆ' ಎಂದು ಬರೆದೆ. ಸಾಹೇಬರು ಅದನ್ನು ಸಭೆಯಲ್ಲಿ ಓದಿಸಿ ಚಪ್ಪಾಳೆ ಹೊಡೆಸಿದರು. ನಾನು ಹಿಗ್ಗಿದೆ.

ಆರು ವಾರ ಬಿಟ್ಟು ಮತ್ತೆ ಹೋದೆ. ಬಾಗಿಲಲ್ಲೇ ಶಾಂತಾ ಸಿಕ್ಕಳು. "ಬರ್ರಿ, ಬಂದು ನಿಮ್ಮ ಕೆಲಸಾ ನೋಡ್ರಿ" ಎಂದಳು.

ಪರಪ್ಪಜ್ಜ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಕುರ್ಚಿಯ ಮೇಲೆ ಒಗೆದ ಬಟ್ಟೆ ಮಡಚಿಟ್ಟಿದ್ದರು. ಅಜ್ಜನನ್ನು ಹೊರಳಿಸಿ ನೋಡಿದೆ, ಬೆನ್ನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗುವುದಕ್ಕೆ ತಯಾರಾಗಿತ್ತು. ತುಟಿ ಒಣಗಿತ್ತು. ಪಕ್ಕದಲ್ಲಿ ತಂಬಿಗೆ ತುಂಬ ನೀರು ಹಾಗೆಯೇ ಇತ್ತು.

"ನೀರ ಕುಡಿಯಂಗಿಲ್ಲ. ಊಟಾನೂ ಅರ್ಧಾ ಮಾಡ್ಯಾರ" ಎಂದಳು ನೀಲವ್ವ. "ಕುಡದ್ರ ಹೊರಗ ಹೋಗಬೇಕಾಗ್ತೈತಿ. ಎಬ್ಬಸಾಕ ಸೊಸಿನ್ನ ಕರೀಬೇಕು. ಆ ಮನಷ್ಯಾಗ ನಾಚಿಕಿ."

ಆಮೇಲೆ ಶಾಂತಾ ನನಗೆ ಕಲಿಸಿದಳು, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆ. ಮಾವ ದಿನಾ ಚಾಪೆಯಿಂದ ಕೂತಲ್ಲೇ ತೆವಳಿಕೊಂಡು ಕುಣಿಯ ದಂಡೆಗೆ ಬರುತ್ತಿದ್ದರು. ಕಾಲು ಒಳಗೆ ಇಳಿಬಿಡುತ್ತಿದ್ದರು. ಮೊಳಕಾಲು ಪೂರ್ತಿ ಮಡಚಬೇಕಾಗಿಲ್ಲ, ಅವು ತಾವೇ ಜೋತು ನಿಲ್ಲುತ್ತಿದ್ದವು. ಬೆನ್ನು ನೆಟ್ಟಗಾಗುತ್ತಿತ್ತು. ಅಲ್ಲೇ ಚಹಾ, ಅಲ್ಲೇ ಊಟ. ಎದ್ದು ನಿಲ್ಲಬೇಕಾದಾಗ ಪಕ್ಕದ ಗೂಟ ಹಿಡಿದು ಕುಣಿಯ ತಳಕ್ಕೆ ಅಂಗಾಲು ಊರಿ ಎದ್ದು, ಒಳಗಿದ್ದ ಮೆಟ್ಟಿಲುಗಲ್ಲಿನ ಮೇಲೆ ಒಂದು ಹೆಜ್ಜೆ, ನೆಲದ ಮೇಲೆ ಇನ್ನೊಂದು. ಅಲ್ಲಿಂದ ಗೋಡೆ ಹಿಡಿದು ಹಿತ್ತಲಿಗೆ. ನೆಲದ ಮೇಲೆ ಮಲಗಿದ ಬಿಗಿಕಾಲಿನ ಮನುಷ್ಯನಿಗೆ ಎದ್ದು ನಿಲ್ಲಲು ಆ ಮನೆಯಲ್ಲಿದ್ದದ್ದು ಅದೊಂದೇ ದಾರಿ. ಹಾಸಿಗೆಯಿಂದ ಕುರ್ಚಿಗೆ ಎಂದು ನಾನು ಕೇಳಿದ್ದೆನಲ್ಲ, ಆ ಮನೆಯ ಕುರ್ಚಿ ನೆಲದೊಳಗಿತ್ತು. ನಾನು ಅದರ ಮೇಲೆ ಬಂಡೆ ಹಾಕಿಸಿದ್ದೆ. ನನ್ನ ಪ್ಲಾಸ್ಟಿಕ್ ಕುರ್ಚಿಗೆ ಏರಿಸಲು ಇಬ್ಬರು ಎತ್ತಬೇಕು, ಅದೂ ಮಹಾಂತೇಶ ಮನೆಯಲ್ಲಿದ್ದಾಗ.

ನನಗೆ ಅಳು ಬಂತು. ಶಾಂತಾ ಅದಕ್ಕೆ ಸೊಪ್ಪು ಹಾಕಲಿಲ್ಲ. "ಅಳೂದು ಆಮ್ಯಾಲೆ ಮಾಡ್ರಿ. ಇನ್ನೊಂದು ತಿಂಗಳ ಹಿಂಗ ಮಲಗಿದ್ರ ಮಾವ ಏಳೂದಿಲ್ಲ. ಏನ್ ಮಾಡ್ತೀರಿ ಹೇಳ್ರಿ" ಎಂದಳು.

ಬಾಗಲಕೋಟೆಗೆ ಮರಳಿ ಸಾಹೇಬರೆದುರು ನಿಂತೆ. ಅವರು ಕೇಳಿದ ಮೊದಲ ಪ್ರಶ್ನೆ: "ಈ ಅವಧಿಯಲ್ಲಿ ಅವರು ಎಷ್ಟು ಬಾರಿ ಬಿದ್ದರು?"

"ಒಮ್ಮಿನೂ ಇಲ್ರಿ ಸರ."

"ಮತ್ತೆ? ನಮ್ಮ ಗುರಿ ಈಡೇರಿತಲ್ಲ!"

"ಮಲಗಿದಾವ್ರು ಎಲ್ಲಿಂದ ಬೀಳಬೇಕ್ರಿ ಸರ?"

ಸಾಹೇಬರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ನಿವಾರಿಸಿದ ಅಪಾಯವನ್ನು ನಾವೇ ಮತ್ತೆ ಉಂಟುಮಾಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ, ಸಾವಿತ್ರಮ್ಮ. ಬೇಕಿದ್ದರೆ ಇನ್ನೊಂದು ಕುರ್ಚಿ ಕೊಡೋಣ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಕೇಳಿದ್ದೆ, ಎಮ್ಮೆಗೆ ಎರಡನೆಯ ಬರೆ ಮಂಜೂರು ಮಾಡುವವರನ್ನು ಅಂದು ನೋಡಿದೆ. ನಾನು ಒಂದು ದಿನ ರಜೆ ಬರೆದುಕೊಟ್ಟು, ಮಹಾಂತೇಶನ ಸೂಟಿಯ ದಿನ ಇಳಕಲ್ಲಿನ ಬಸ್ಸು ಹತ್ತಿದೆ.

ಬಂಡೆ ಎತ್ತುವಾಗ ಓಣಿಯ ಹೆಂಗಸರು ಬಾಗಿಲಲ್ಲಿ ಸೇರಿದರು. ಅವರಲ್ಲೊಬ್ಬ ಹಿರಿಯಾಕೆ, "ಮನ್ಯಾಗ ಮನಷ್ಯಾ ಹಾಸಗಿ ಹಿಡದಾಗ ನೆಲಾ ಅಗೀಬಾರದವಾ, ಒಳ್ಳೇದಲ್ಲ" ಎಂದಳು. ಮಹಾಂತೇಶ ಹಾರೆ ಕೆಳಗಿಟ್ಟ. ಅವನಿಗೆ ಅಷ್ಟು ಸಾಕಿತ್ತು.

ಕಣ್ಣು ಕಾಣದ ನೀಲವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು. "ಮುಚ್ಚಿದಾಗ ಏನ್ ಒಳ್ಳೇದಾತು, ಈಗ ಅಗದ್ರ ಕೆಟ್ಟಾಗಾಕ? ಅಗಿಯೋ ಮಾಂತೇಶ."

ಮಹಾಂತೇಶ ಅಗೆದ. ಪರಪ್ಪಜ್ಜ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ಹೊರಗಿನ ಮಂದಿ, ಗದ್ದಲ, ಧೂಳು, ಯಾವುದಕ್ಕೂ ಹೊರಳಲಿಲ್ಲ. ನಾನು ತರಬೇತಿಯಲ್ಲಿ ಕಲಿತ ಕಾಲಿನ ವ್ಯಾಯಾಮ ಮಾಡಿಸಲು ಹೋದೆ, ಕಾಲನ್ನು ಕಟ್ಟಿಗೆಯ ಹಾಗೆ ಬಿಟ್ಟ. ಇನ್ನು ಕುಣಿ ತೋಡಿಯೂ ಏನು ಉಪಯೋಗ, ಮನುಷ್ಯ ಮನಸ್ಸು ಬಿಟ್ಟಿದ್ದಾನೆ ಎಂದು ನನಗೆ ದಿಗಿಲಾಯಿತು. ಶಾಂತಾಳ ಮುಖ ನೋಡುವ ಧೈರ್ಯ ಇರಲಿಲ್ಲ.

ಹಾರೆಯ ಸಪ್ಪಳ ನಿಂತಿತು. "ಆತು ನೋಡ್ರಿ" ಎಂದ ಮಹಾಂತೇಶ.

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಎಷ್ಟ ಅಗದಿ?"

"ಎರಡೂವರಿ ಅಡಿ, ಅಪ್ಪಾ."

ಅಜ್ಜ ಕತ್ತು ಹೊರಳಿಸಿದ. "ಎರಡೂವರಿ? ಬಾವಿ ತೋಡಾಕ ಹತ್ತೀಯೇನಲೇ?"

"ಹಳೀ ತಳಾ ತಿಳೀಲಿಲ್ಲ. ಪವರ್‌ಲೂಮ್ ಶೆಡ್ಡಿನ ಹಿಂದ ಒಂದು ಹಳೀ ಕುಣಿ ಐತಿ, ಅದರ ಅಳತಿ ತಂದೇನಿ."

"ಅದು ಯಾವನ ಕಾಲಿಂದು? ಕುಣಿ ಅಂದ್ರ ಕುಂದರಾಂವನ ಕಾಲಿನ ಅಳತಿ. ತೊಡಿ ನೆಲಕ್ಕ ಕೂಡಬೇಕು, ಅಂಗಾಲ ತಳಕ್ಕ ಹತ್ತಬೇಕು. ಮೂವತ್ತು ವರ್ಷ ಮಗ್ಗದ ಮುಂದ ಅನ್ನಾ ತಿಂದು ಇಷ್ಟಾ ಕಲೀಲಿಲ್ಲಲೇ? ಥೂ!"

ಮಗ, "ಸರಿ ಐತಿ ಬಿಡಪ್ಪಾ" ಎಂದುಬಿಟ್ಟ. ಅದಕ್ಕಿಂತ ಒಳ್ಳೆಯ ಮಾತು ಅವನು ಜನ್ಮದಲ್ಲಿ ಆಡಿರಲಾರ. ಪರಪ್ಪಜ್ಜನಿಗೆ ಸಿಟ್ಟು ನೆತ್ತಿಗೇರಿತು. ಮೊಳಕೈ ಊರಿದ. ಎದೆ ಎತ್ತಿದ. ಆರು ವಾರ ಯಾರ ಕೈಗೂ ಮಿಸುಕದ ಮನುಷ್ಯ ಮೈಯನ್ನು ಚಾಪೆಯಿಂದ ಎಳೆದುಕೊಂಡ. ಶಾಂತಾ ಹಿಡಿಯಲು ಮುಂದೆ ಬಂದಳು. ನೀಲವ್ವನಿಗೆ ಕಾಣಲಿಲ್ಲ, ತೆವಳುವ ಸಪ್ಪಳ ಕೇಳಿಸಿತು. ಆಕೆ ಕೈ ಅಡ್ಡ ಹಿಡಿದು ಹೇಳಿದಳು, "ಯಾರೂ ಮುಟ್ಟಬ್ಯಾಡ್ರಿ."

ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ದಂಡೆಗೆ ಬಂದು ಒಂದು ಕಾಲನ್ನು ಎರಡು ಕೈಯಿಂದ ಎತ್ತಿ ಒಳಗೆ ಬಿಟ್ಟ, ಆಮೇಲೆ ಇನ್ನೊಂದನ್ನು. ಅಂಗಾಲು ತಳ ಮುಟ್ಟದೆ ತೂಗಾಡಿತು. "ನೋಡಲೇ, ನೋಡು!" ಎಂದು ಮಗನನ್ನು ಗೆದ್ದವನ ಹಾಗೆ ನೋಡಿದ. "ಒಂದ ಗೇಣ ಮಣ್ಣ ತುಂಬು. ಬಡದು ಗಟ್ಟಿ ಮಾಡು. ಮೆಟ್ಟಲಗಲ್ಲ ಎಡಕ್ಕ ಇಡು."

ಅಜ್ಜನನ್ನು ಎಬ್ಬಿಸಿದ್ದು ನನ್ನ ವ್ಯಾಯಾಮವಲ್ಲ. ಮಗನ ಕೆಲಸದ ಮೇಲಿನ ತಿರಸ್ಕಾರ ಆತನನ್ನು ಎಬ್ಬಿಸಿತು. ಅಂದಿನಿಂದ ನಾನು ಮುದುಕರ ಸಿಟ್ಟನ್ನು ಸಮಾಧಾನ ಮಾಡಲು ಹೋಗಿಲ್ಲ.

ಮಣ್ಣು ತುಂಬಿದ ಮೇಲೆ ಅಜ್ಜ ಸರಿಯಾಗಿ ಕೂತ. ಬೆನ್ನು ನೆಟ್ಟಗಾಯಿತು. ತಂಬಿಗೆಯ ನೀರನ್ನು ಗಟಗಟ ಕುಡಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಕೈಮುಗಿದು, "ತಪ್ಪಾತ್ರಿ ಅಜ್ಜಾರ" ಎಂದೆ.

"ತಪ್ಪ ಇರಲಿ, ಆ ಕುರ್ಚಿ ಒಯ್ರಿ" ಎಂದ. "ಅದರ ಮ್ಯಾಲೆ ಕುಂತ್ರ ಮಂದಿ ಮದುವಿಗಿ ಬಂದಾಂಗ ಆಗ್ತೈತಿ. ಊಟಾ ಆತು, ಇನ್ನ ಏಳ್ರಿ ಅಂದಾಂಗ."

ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಓಣಿಯ ಹೆಂಗಸರು ನಕ್ಕರು. ನಗಲಿ, ಮಾಡಿದ್ದುಣ್ಣೋ ಮಹರಾಯ.

ಮುಂದೆ ಮಗ್ಗವನ್ನೂ ಹೂಡಿದರು. ಅಜ್ಜ ದಿನಕ್ಕೆ ನಾಲ್ಕು ಬೆರಳು ನೇಯುತ್ತಿದ್ದ. ಕೈಯಲ್ಲಿ ಬಿಗಿ ಇರಲಿಲ್ಲ, ನೇಯ್ಗೆ ಸಡಿಲ. ಮಧ್ಯಾಹ್ನ ಆತ ಕಣ್ಣು ಮುಚ್ಚಿದಾಗ ಶಾಂತಾ ಅದನ್ನು ಬಿಚ್ಚಿ ಎಳೆ ಸರಿಮಾಡಿಡುತ್ತಿದ್ದಳು. ಒಮ್ಮೆ ನಾನು ಅದನ್ನು ನೋಡಿದ್ದು ಅಜ್ಜನಿಗೆ ತಿಳಿಯಿತು. "ನನಗೂ ಗೊತ್ತೈತ್ರಿ ಬಾಯಾರ. ಬಿಚ್ಚಲಿ. ಆಕಿಗೂ ಕೆಲಸಾತು, ನನಗೂ ನಾಳಿಗಿ ಕೆಲಸಾ ಉಳೀತು" ಎಂದ. ನಾಲ್ಕು ವರ್ಷ ಹಾಗೆ ನಡೆಯಿತು. ಕೊನೆಯ ವಾರದವರೆಗೂ ಹಿತ್ತಲಿಗೆ ತಾನೇ ಹೋದನಂತೆ.

ಕುಣಿ ತೋಡಿದ ತಿಂಗಳು ಅಜ್ಜನ ಹಾಳೆಯನ್ನು ಹೊಸದಾಗಿ ತುಂಬಿದೆ. ಏಳನೆಯ ಪ್ರಶ್ನೆಯಲ್ಲಿ 'ಕುರ್ಚಿಗೆ' ಎಂಬುದನ್ನು ಹೊಡೆದುಹಾಕಿ 'ಕುಣಿಗೆ' ಎಂದು ಬರೆದು ಪೂರ್ತಿ ಅಂಕ ಕೊಟ್ಟೆ. ಹಾಳೆ ವಾಪಸು ಬಂತು. ಅಂಚಿನಲ್ಲಿ ಕೆಂಪು ಮಸಿ: 'ಕುಣಿ ಎಂದರೇನು? ಸ್ಪಷ್ಟಪಡಿಸಿ.' ನಾನು ಸ್ಪಷ್ಟಪಡಿಸಲಿಲ್ಲ. ಮೂರು ನೆನಪೋಲೆ ಬಂದವು, ಮೂರನ್ನೂ ಒಲೆಗೆ ಹಾಕಿದೆ.

ಸಾಹೇಬರು ನನಗಿಂತ ಮೊದಲು ನಿವೃತ್ತರಾದರು. ಮಗಳು ಬಾಗಲಕೋಟೆಯ ನವನಗರದಲ್ಲಿ ಕಾಲೇಜು ಮೇಡಂ, ಅವಳ ಮನೆಯಲ್ಲಿ ಉಳಿದರು. ಆ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಆ ಮಗಳ ಫೋನು ಬಂತು. "ಅಪ್ಪ ಏಳುವುದೇ ಇಲ್ಲ ಸಾವಿತ್ರಮ್ಮ. ನಿಮ್ಮನ್ನು ಕರೆಸು ಅಂತಾರೆ."

ಹೋದೆ. ಒಳಗೊಳಗೆ ಸಣ್ಣ ಖುಷಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆ ಅಪಾಯ ನಿವಾರಿಸಿದ ಮನೆಯೇ. ಯಾರೋ ಪಟ್ಟಿ ಹಿಡಿದು ಬಂದವರು ಹೇಳಿದರಂತೆ, ಸಾಹೇಬರ ಹಳೆಯ ಕಟ್ಟಿಗೆಯ ಕುರ್ಚಿ ಅಲ್ಲಾಡುತ್ತದೆ ಎಂದು. ಅದನ್ನು ತೆಗೆಸಿ, ಮೆತ್ತನೆಯ ಸೋಫಾ ತರಿಸಿದ್ದರು. ಸಾಹೇಬರು ಅದರಲ್ಲಿ ಸೊಂಟದವರೆಗೆ ಹೂತು ಕೂತಿದ್ದರು. ಮೊಳಕಾಲು ಎದೆಯ ಮಟ್ಟಕ್ಕೆ ಬಂದಿದ್ದವು. ಆ ಅಂಗಿಯ ಇಸ್ತ್ರಿ ಮುರಿದಿತ್ತು. ಪಕ್ಕದ ಮೇಜಿನ ಮೇಲೆ ಒಂದು ಲೋಟ ನೀರು, ತುಂಬಿದ್ದು ತುಂಬಿದ ಹಾಗೆಯೇ. ತುಟಿ ಒಣಗಿದ್ದವು.

ನೀರು ಯಾಕೆ ಕುಡಿಯುತ್ತಿಲ್ಲ ಎಂದು ನಾನು ಕೇಳಲಿಲ್ಲ. ನನ್ನ ಖುಷಿ ಅಲ್ಲಿಯೇ ಸತ್ತಿತು.

"ನನ್ನ ಅಂಕ ಎಷ್ಟಿರಬಹುದು, ಸಾವಿತ್ರಮ್ಮ?" ಎಂದರು.

"ಹಾಳಿ ತಂದಿಲ್ರಿ ಸರ" ಎಂದೆ. ಮಗಳೂ ನಾನೂ ಸೇರಿ ಅವರನ್ನು ಎತ್ತಿ ನಿಲ್ಲಿಸಿ, ಮೆಲ್ಲಗೆ ಹೊರಗಿನ ಪಡಸಾಲೆಗೆ ಕರೆತಂದೆವು. ಪಡಸಾಲೆಯ ಅಂಚಿಗೆ ಬೀದಿಯ ಕಡೆ ಒಂದು ಕಲ್ಲಿನ ಕಟ್ಟೆ, ಪಕ್ಕದಲ್ಲಿ ಕಬ್ಬಿಣದ ಕಂಬ. ಕಟ್ಟೆಯ ತುದಿಗೆ ಕೂರಿಸಿದೆ. ತೊಡೆ ಕಲ್ಲಿಗೆ ಕೂಡಿತು. ಅಂಗಾಲು ಕೆಳಗಿನ ನೆಲಕ್ಕೆ ಇನ್ನೂ ಒಂದು ಗೇಣು ಮುಟ್ಟುತ್ತಿರಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಎರಡು ಹಾಸುಗಲ್ಲು ಎಳೆದು ಕಾಲ ಕೆಳಗೆ ಕೊಟ್ಟೆ. ಈಗ ಮುಟ್ಟಿತು.

"ಕಂಬಾ ಹಿಡೀರಿ. ಈಗ ಏಳ್ರಿ" ಎಂದೆ.

ಮಗಳು ಕೈ ಚಾಚಿದಳು. ನಾನು ನೀಲವ್ವನ ಹಾಗೆ ಕೈ ಅಡ್ಡ ಹಿಡಿದೆ. ಸಾಹೇಬರು ಕಂಬ ಹಿಡಿದರು, ನಡುಗಿದರು, ಎದ್ದರು. ನಿಂತರು. ತಮ್ಮ ಕಾಲನ್ನು ತಾವೇ ನೋಡಿಕೊಂಡರು.

"ಸರ, ಕೆಂಪ ಮಸೀಲೆ ಒಂದು ಪ್ರಶ್ನಿ ಕೇಳಿದ್ರಿ. ಕುಣಿ ಅಂದ್ರೇನು ಅಂತ. ಇದ ನೋಡ್ರಿ" ಎಂದೆ.

ಅವರು ಮತ್ತೆ ಕೂತರು. ಯಾರೂ ಹೇಳದೆ ಮತ್ತೆ ಎದ್ದರು. ಮೂರನೆಯ ಸಲ ಕೂತರು. ಆಮೇಲೆ ಮಗಳ ಕಡೆ ತಿರುಗಿ, "ಒಂದು ಲೋಟ ನೀರು ಕೊಡಮ್ಮ" ಎಂದರು.